ಪಿಎಚ್‌ಡಿ ಸೀಟು, ಗೈಡು, ಪ್ರಾಜೆಕ್ಟು, ಯೂನಿವರ್ಸಿಟಿ ಕೆಲಸ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯವ್ರಿಗೆ ಒಂದು ಸಮಗ್ರ ಮಾರ್ಗದರ್ಶಿ

ಎಂಎ, ಎಂಎಸ್ಸಿ, ಎಂಕಾಂ ಮುಗಿಸ್ಕೊಂಡು ಪಿಎಚ್‌ಡಿ ಕಡೆ ನೋಡ್ತಿರೋ ನಮ್ಮ ಜಿಲ್ಲೆ ಹುಡುಗ್ರು ಹುಡುಗೀರು ಮೊದಲು ಕೇಳೋದು "ಅಣ್ಣ, ನೋಟಿಫಿಕೇಶನ್ ಯಾವಾಗ ಬಿಡ್ತಾರೆ?" ಅಂತ. ನೋಟಿಫಿಕೇಶನ್ ಬರೋದು ಕೊನೇ ಹಂತದಲ್ಲಿ. ಅದು ಬಂದ್ಮೇಲೆ ಅರ್ಜಿ ಹಾಕೋಕೆ ಸಿಗೋದು ಕೆಲವೇ ವಾರ, ಅಷ್ಟರೊಳಗೆ ವಿಷಯ ಯೋಚ್ನೆ ಮಾಡಿ, ಗೈಡ್ (ಸಂಶೋಧನೆಗೆ ಮಾರ್ಗದರ್ಶನ ಮಾಡೋ ಅಧ್ಯಾಪಕರು) ಹುಡುಕಿ, ಸಿನಾಪ್ಸಿಸ್ (ಏನು ಸಂಶೋಧನೆ ಮಾಡ್ತೀನಿ ಅನ್ನೋ ಚಿಕ್ಕ ಬರಹ) ಬರೆದು, ಸರ್ಟಿಫಿಕೇಟ್ ಒಟ್ಟುಮಾಡಿ ಎಲ್ಲಾ ಮಾಡ್ತೀನಿ ಅಂದ್ರೆ ಯಾರಿಗೂ ಆಗಲ್ಲ. ಮೊದಲು ವಿಷಯ, ಆಮೇಲೆ ಗೈಡು, ಆಮೇಲೆ ದುಡ್ಡಿನ ದಾರಿ, ಇದಷ್ಟು ರೆಡಿ ಮಾಡ್ಕೊಂಡು ಕೂತವ್ರಿಗೆ ನೋಟಿಫಿಕೇಶನ್ ಬಂದ ದಿನ ಉಳಿಯೋದು ಅರ್ಜಿ ತುಂಬೋ ಕೆಲಸ ಮಾತ್ರ. ಅದೇ ಕ್ರಮದಲ್ಲಿ ಬರೀತೀನಿ.

ಹತ್ರದಲ್ಲೇ ಏನೇನಿದೆ ನೋಡ್ಕೊಳ್ಳಿ

ಸುಮಾರು ಜನಕ್ಕೆ ಪಿಎಚ್‌ಡಿ ಅಂದ್ರೆ ಬೆಂಗಳೂರಿಗೇ ಹೋಗ್ಬೇಕು ಅನ್ನೋ ಭಾವನೆ. ತುಮಕೂರು ವಿಶ್ವವಿದ್ಯಾಲಯ 2004ರಿಂದ ಇದೆ. ಕೋಲಾರ, ಚಿಕ್ಕಬಳ್ಳಾಪುರದವ್ರಿಗೆ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇದೆ, ಬೆಂಗಳೂರು ವಿವಿನ ಮೂರು ಭಾಗ ಮಾಡಿದಾಗ 2017ರಲ್ಲಿ ಶುರುವಾಗಿದ್ದು, ಕೋಲಾರದ ಟಮಕದಲ್ಲಿದೆ. ಅದೇ ಟಮಕದಲ್ಲಿ ದೇವರಾಜ ಅರಸು ಡೀಮ್ಡ್ ಯೂನಿವರ್ಸಿಟಿ, ಮೆಡಿಕಲ್ ಮತ್ತೆ ಅದಕ್ಕೆ ಹತ್ರದ ವಿಷಯಗಳಿಗೆ. ತುಮಕೂರಲ್ಲಿ ಸಿದ್ಧಾರ್ಥ ಡೀಮ್ಡ್ ಯೂನಿವರ್ಸಿಟಿ. ಇಂಜಿನಿಯರಿಂಗ್‌ನವ್ರಿಗೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), ಅದರ ಹೆಡ್ ಆಫೀಸು ಬೆಳಗಾವಿ ಆದ್ರೂ ಸಂಶೋಧನೆ ನಡೆಯೋದು ಕಾಲೇಜಿನ ರಿಸರ್ಚ್ ಸೆಂಟರ್‌ಗಳಲ್ಲೇ. ತುಮಕೂರಿನ ಎಸ್‌ಐಟಿ, ಚಿಕ್ಕಬಳ್ಳಾಪುರದ ಎಸ್‌ಜೆಸಿಐಟಿ ಮೊದಲು ನೋಡಿ, ಮುದ್ದೇನಹಳ್ಳೀಲಿ ವಿಟಿಯುದೇ ಸೆಂಟರ್ ಕೂಡ ಇದೆ.

ಕೃಷಿ ಓದಿದವ್ರು ಚಿಂತಾಮಣಿಯ ರೇಷ್ಮೆ ಕಾಲೇಜು, ಕೋಲಾರದ ತೋಟಗಾರಿಕೆ ಕಾಲೇಜು, ತುಮಕೂರು ಹತ್ರದ ಹಿರೇಹಳ್ಳಿ ಕೇಂದ್ರ ಇವುಗಳ ಮೇಲೆ ಕಣ್ಣಿಟ್ಟಿರಿ. ಇಲ್ಲಿ ಪಿಎಚ್‌ಡಿ ಸೀಟಿಗಿಂತ ಪ್ರಾಜೆಕ್ಟ್ ಕೆಲಸ ಸಿಗೋ ಸಾಧ್ಯತೆ ಜಾಸ್ತಿ, ಅದನ್ನ ಮುಂದೆ ಹೇಳ್ತೀನಿ.

ಬೆಂಗಳೂರು ಬೇಡ ಅಂತಲ್ಲ. ಐಐಎಸ್‌ಸಿ, ಜವಾಹರಲಾಲ್ ನೆಹರು ಸೆಂಟರ್, ರಾಮನ್ ಇನ್‌ಸ್ಟಿಟ್ಯೂಟ್, ಸಮಾಜ ವಿಜ್ಞಾನಕ್ಕೆ ನಾಗರಬಾವಿ ಕಡೆ ಇರೋ ಐಸೆಕ್, ಎಲ್ಲಾ ನಮ್ಮ ಜಿಲ್ಲಾ ಕೇಂದ್ರಗಳಿಂದ ನೂರು ಕಿಲೋಮೀಟರ್ ಒಳಗೇ ಇದೆ. ಧಾರಾಳವಾಗಿ ಹಾಕಿ. ಆದ್ರೆ ಅಲ್ಲಿ ಸಿಗ್ಲಿಲ್ಲ ಅಂದ ಮಾತ್ರಕ್ಕೆ ಪಿಎಚ್‌ಡೀನೇ ಬಿಟ್ಬಿಡೋದು ಸರಿ ಅಲ್ಲ.

ಎಲಿಜಿಬಿಲಿಟಿ, ಬೇಗ ಮುಗಿಸ್ತೀನಿ

ಯುಜಿಸಿ (ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಕೇಂದ್ರದ ಆಯೋಗ) 2022ರ ಪಿಎಚ್‌ಡಿ ನಿಯಮದ ಪ್ರಕಾರ ಪಿಜೀಲಿ 55% ಬೇಕು, ಎಸ್‌ಸಿ, ಎಸ್‌ಟಿ, ಕ್ರೀಮಿ ಲೇಯರ್‌ಗೆ ಬರದ ಒಬಿಸಿ, ಇಡಬ್ಲ್ಯೂಎಸ್, ಅಂಗವಿಕಲರಿಗೆ 5% ರಿಯಾಯ್ತಿ. ನಾಲ್ಕು ವರ್ಷದ ಡಿಗ್ರಿ ಮಾಡಿ 75% ತಗೊಂಡಿದ್ರೆ ನೇರವಾಗೂ ಹಾಕ್ಬಹುದು. ಕಮ್ಮಿ ಅಂದ್ರೆ 3 ವರ್ಷ, ಜಾಸ್ತಿ ಅಂದ್ರೆ 6 ವರ್ಷ, ಅದರ ಮೇಲೆ ರೀ-ರಿಜಿಸ್ಟ್ರೇಶನ್ ಮಾಡ್ಕೊಂಡ್ರೆ ಇನ್ನೂ 2 ವರ್ಷ. ಹೆಣ್ಮಕ್ಕಳಿಗೆ ಅದರ ಮೇಲೂ 2 ವರ್ಷ ಸಿಗುತ್ತೆ, ಹೆರಿಗೆ, ಮಗು ನೋಡ್ಕೊಳ್ಳೋ ರಜೆ ಅಂತ 240 ದಿನದವರೆಗೂ ಇದೆ. ಮದುವೆ ಆದ್ಮೇಲೆ ಹೇಗೆ ಮುಗಿಸೋದು ಅಂತ ಹೆದರ್ಕೊಂಡು ಹಿಂದೆ ಸರಿಯೋ ತಂಗೀರು ದಯವಿಟ್ಟು ಈ ನಿಯಮ ಒಂದ್ಸಲ ಓದಿ.

ಕೆಲಸದಲ್ಲಿರೋರು ಪಾರ್ಟ್ ಟೈಮ್ ಮಾಡ್ಬಹುದು, ಆದ್ರೆ ಕೆಲಸ ಮಾಡೋ ಕಡೆಯಿಂದ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನೋ ಪತ್ರ) ಬೇಕೇ ಬೇಕು. "ಅಭ್ಯಂತರವಿಲ್ಲ" ಅಂತ ಒಂದೇ ಸಾಲು ಬರೆಸ್ಕೊಂಡು ಬಂದ್ರೆ ಸಾಲಲ್ಲ. ಪಾರ್ಟ್ ಟೈಮ್ ಮಾಡೋಕೆ ಅನುಮತಿ ಇದೆ, ಸಂಶೋಧನೆಗೆ ಸಮಯ ಸಿಗುತ್ತೆ, ಬೇಕಾದ್ರೆ ಕೋರ್ಸ್ ವರ್ಕ್‌ಗೆ (ಸೇರಿದ್ಮೇಲೆ ಮುಗಿಸ್ಬೇಕಾದ ಕ್ಲಾಸುಗಳು) ರಿಲೀವ್ ಮಾಡ್ತೀವಿ, ಈ ಮೂರೂ ಅದರಲ್ಲಿ ಇರ್ಬೇಕು.

ವಿಷಯ: ಮನೆ ಬಾಗಿಲಲ್ಲೇ ಇದೆ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಯಾಕಂದ್ರೆ ಎಡವೋದು ಇಲ್ಲೇ. "ಮಹಿಳಾ ಸಬಲೀಕರಣ", "ಗ್ರಾಮೀಣಾಭಿವೃದ್ಧಿ", "ಗ್ರಾಹಕರ ಸಂತೃಪ್ತಿ" ಅಂತ ದೊಡ್ಡ ದೊಡ್ಡ ಟೈಟಲ್ ಇಟ್ಕೊಂಡು ಹೋದ್ರೆ ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ನಿಂತ್ಬಿಡ್ತೀರ. ನಮ್ಮ ಮೂರು ಜಿಲ್ಲೇಲಿ ಎಂತೆಂಥ ವಿಷಯ ಇದೆ ಗೊತ್ತಾ?

ಕೆಸಿ ವ್ಯಾಲಿ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರ್ತಿದೆ, ಬೆಂಗಳೂರಿನ ಕೊಳಚೆ ನೀರು ಶುದ್ಧಮಾಡಿ ಕಳಿಸೋದು. ಒಂದು ಕಡೆ ಬೋರ್‌ವೆಲ್‌ಗೆ ನೀರು ಬಂತು ಅಂತಾರೆ, ಇನ್ನೊಂದು ಕಡೆ ಎರಡೇ ಹಂತ ಶುದ್ಧ ಮಾಡಿದ್ರೆ ಸಾಲಲ್ಲ, ಮೂರನೇ ಹಂತ ಬೇಕು ಅಂತ ಹೋರಾಟ ಇದೆ. ಇದರಲ್ಲಿ ಕೆಮಿಸ್ಟ್ರಿಯವ್ರಿಗೆ ನೀರಿನ ಗುಣಮಟ್ಟ, ಎಕನಾಮಿಕ್ಸ್‌ನವ್ರಿಗೆ ಬೆಳೆ ಬದಲಾವಣೆ, ರಾಜ್ಯಶಾಸ್ತ್ರದವ್ರಿಗೆ ನೀರಿನ ರಾಜಕಾರಣ, ಎಲ್ಲರಿಗೂ ಒಂದೊಂದು ಥೀಸಿಸ್ ಇದೆ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ಸುಮಾರು 13,000 ಎಕರೆ, ರೈತರ ಜಮೀನು ಕೊಂಡ್ಕೊಳ್ಳದೆ ಗುತ್ತಿಗೆಗೆ ತಗೊಂಡಿದ್ದು. ಜಮೀನು ಇದ್ದವ್ರಿಗೆ ಬಾಡಿಗೆ ಬಂತು, ಆ ಜಮೀನಲ್ಲಿ ಕೂಲಿ ಮಾಡ್ತಿದ್ದವ್ರ ಕಥೆ ಏನು? ಫ್ಲೋರೈಡ್ ಸಮಸ್ಯೆ ಅಂತೂ ಮೂರೂ ಜಿಲ್ಲೇಲಿ ಇದೆ.

ಇತಿಹಾಸದವ್ರಿಗೆ 1938ರ ವಿದುರಾಶ್ವತ್ಥ ಗೋಲಿಬಾರ್, 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿ ಮತ್ತೆ ಅಲ್ಲಿ ಉಳ್ಕೊಂಡ ಕಾರ್ಮಿಕ ಕುಟುಂಬಗಳು. ಕನ್ನಡ ಜಾನಪದದವ್ರಿಗೆ ಶಿರಾ ಕಡೆ ಕಾಡುಗೊಲ್ಲರ ಜುಂಜಪ್ಪನ ಕಾವ್ಯ. ಕೈವಾರ ತಾತಯ್ಯನವ್ರು ತೆಲುಗಲ್ಲೂ ಕನ್ನಡದಲ್ಲೂ ಹಾಡಿದ್ದಾರೆ, ಮನೇಲಿ ತೆಲುಗು ಶಾಲೇಲಿ ಕನ್ನಡ ಅನ್ನೋ ನಮ್ಮ ಗಡಿ ತಾಲ್ಲೂಕಿನ ಮಕ್ಕಳಿಗೆ ಇದಕ್ಕಿಂತ ಸ್ವಂತದ ವಿಷಯ ಬೇಕಾ? ವಾಣಿಜ್ಯದವ್ರಿಗೆ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್, ಕೋಲಾರದ ಟೊಮೆಟೊ ಮಂಡಿ, ತಿಪಟೂರಿನ ಕೊಬ್ಬರಿ ಹರಾಜು. ಫಿಸಿಕ್ಸ್‌ನವ್ರಿಗೆ ಒಂದು ಸಂತೋಷದ ವಿಷಯ ಹೇಳ್ಬೇಕು: ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೊ 1965ರಲ್ಲಿ ಮೊದಲು ಕಂಡಿದ್ದ ಜಾಗಗಳಲ್ಲಿ ನಮ್ಮ ಕೆಜಿಎಫ್ ಗಣಿ ಆಳಾನೂ ಒಂದು.

ಫೀಲ್ಡ್ ವರ್ಕ್‌ಗೆ ಬೇರೆಯವ್ರು ಬಂದು ರೂಮ್ ಮಾಡ್ಬೇಕು, ಭಾಷೆ ಕಲೀಬೇಕು. ನಿಮಗೆ ಅಲ್ಲಿ ಮಾತಾಡ್ಸೋ ಜನ ಇದ್ದಾರೆ. ಇದು ದೊಡ್ಡ ಬಲ, ಅದನ್ನ ಸಿನಾಪ್ಸಿಸ್‌ನಲ್ಲಿ ನೇರವಾಗಿ ಬರೀರಿ.

ಶೋಧಗಂಗಾ, ವಿದ್ವಾನ್: ಎರಡೂ ಫ್ರೀ

ವಿಷಯ ಮನಸಲ್ಲಿ ಬಂತು ಅಂದ ತಕ್ಷಣ ಶೋಧಗಂಗಾ ವೆಬ್‌ಸೈಟ್ ತೆಗೀರಿ. ದೇಶದ ಯೂನಿವರ್ಸಿಟಿಗಳ ಪಿಎಚ್‌ಡಿ ಥೀಸಿಸ್‌ಗಳು ಅಲ್ಲಿ ಪಿಡಿಎಫ್ ಆಗಿ ಸಿಗುತ್ತೆ, ದುಡ್ಡು ಕೊಡೋ ಹಂಗಿಲ್ಲ. ಯೂನಿವರ್ಸಿಟಿ ಹೆಸರು, ಡಿಪಾರ್ಟ್‌ಮೆಂಟ್ ಹೆಸರು ಒತ್ತಿದ್ರೆ ಅಲ್ಲಿ ಆಗಿರೋ ಥೀಸಿಸ್ ಪಟ್ಟಿ ಬರುತ್ತೆ, ಒಂದೊಂದರ ಪಕ್ಕದಲ್ಲೂ ಗೈಡ್ ಹೆಸರು ಇರುತ್ತೆ. ಆ ಹೆಸರುಗಳನ್ನ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ, ಯಾರ ಕೈಕೆಳಗೆ ಎಂಥ ವಿಷಯ ಆಗಿದೆ, ಎಷ್ಟು ವರ್ಷಕ್ಕೆ ಮುಗ್ದಿದೆ ಅಂತ. ರಿಜಿಸ್ಟರ್ ಆದ ವರ್ಷ, ಸಬ್ಮಿಟ್ ಆದ ವರ್ಷ ಎರಡೂ ಹಾಕಿರೋ ಕಡೆ ಒಬ್ಬ ಗೈಡ್ ಹತ್ರ ಸ್ಕಾಲರ್‌ಗಳು ಎಷ್ಟು ಬೇಗ ಹೊರಗೆ ಬರ್ತಾರೆ ಅನ್ನೋದು ಅಲ್ಲೇ ಗೊತ್ತಾಗ್ಬಿಡುತ್ತೆ. ಥೀಸಿಸ್‌ನ ಕೊನೇ ಅಧ್ಯಾಯ ಬಿಡದೆ ಓದಿ, ಮುಂದೆ ಏನು ಮಾಡ್ಬಹುದು ಅಂತ ಬರೆದಿರ್ತಾರೆ, ನಿಮ್ಮ ಪ್ರಶ್ನೆ ಅಲ್ಲಿಂದಾನೂ ಹುಟ್ಟಬಹುದು. ಈಗ ನಡೀತಿರೋ ಸಂಶೋಧನೆಗಳ ಸಿನಾಪ್ಸಿಸ್ ಶೋಧಗಂಗೋತ್ರೀಲಿ ಸಿಗುತ್ತೆ, ಸಿನಾಪ್ಸಿಸ್ ಯಾವ ಆಕಾರದಲ್ಲಿರ್ಬೇಕು ಅಂತ ಕಲಿಯೋಕೂ ಅದೇ ಪಾಠ.

ಆಮೇಲೆ ವಿದ್ವಾನ್ ಪೋರ್ಟಲ್. ಅಧ್ಯಾಪಕರ ಹೆಸರು ಹಾಕಿದ್ರೆ ಅವ್ರ ಈಗಿನ ಹುದ್ದೆ, ಪೇಪರ್‌ಗಳು, ಆಸಕ್ತಿ ಕಾಣುತ್ತೆ.

ಗೈಡ್ ಹುಡುಕೋದು

ಪ್ರೊಫೆಸರ್ ಆದ್ರೆ 8 ಜನ, ಅಸೋಸಿಯೇಟ್ ಆದ್ರೆ 6, ಅಸಿಸ್ಟೆಂಟ್ ಆದ್ರೆ 4, ಇಷ್ಟೇ ಸ್ಕಾಲರ್‌ಗಳನ್ನ ಒಂದು ಟೈಮಲ್ಲಿ ಇಟ್ಕೊಳ್ಳೋಕೆ ಆಗೋದು. ನಿವೃತ್ತಿಗೆ 3 ವರ್ಷಕ್ಕಿಂತ ಕಮ್ಮಿ ಇರೋರು ಹೊಸಬ್ರನ್ನ ತಗೊಳ್ಳೋ ಹಂಗಿಲ್ಲ. ಹಾಗಾಗಿ ತುಂಬಾ ಹೆಸರಿರೋ ಹಿರಿಯ ಪ್ರೊಫೆಸರ್ ಹಿಂದೆನೇ ಸುತ್ತೋದಕ್ಕಿಂತ, ಪಿಎಚ್‌ಡಿ ಮುಗಿಸಿ, ಒಳ್ಳೇ ಪೇಪರ್ ಬರೆದು, ಹೊಸದಾಗಿ ಗೈಡ್‌ಶಿಪ್ ಸಿಕ್ಕಿರೋ ಅಸಿಸ್ಟೆಂಟ್ ಪ್ರೊಫೆಸರ್‌ಗಳನ್ನ ಹುಡುಕಿ. ಅವ್ರ ಹತ್ರ ಜಾಗ ಇರುತ್ತೆ, ಟೈಮೂ ಇರುತ್ತೆ. ನನ್ನ ಕೇಳಿದ್ರೆ ಡಿಗ್ರಿ ಕಾಲೇಜಿಂದ ಬಂದು ಮೊದಲ ಸಲ ಸಂಶೋಧನೆ ಮಾಡೋ ಹುಡುಗ್ರಿಗೆ ಇದೇ ಸರಿ, ಪ್ರತಿ ಅಧ್ಯಾಯ ಕೂತ್ಕೊಂಡು ತಿದ್ದೋ ಗೈಡ್ ಬೇಕು, ಸಹಿ ಹಾಕೋ ಗೈಡ್ ಅಲ್ಲ.

ಮೇಲ್ ಬರೆಯೋವಾಗ ಉದ್ದುದ್ದ ಹೊಗಳಿಕೆ ಬೇಡ. ಒಬ್ಬರಿಗೆ ಬರೆದಿದ್ದನ್ನೇ ಇಪ್ಪತ್ತು ಜನಕ್ಕೆ ಕಳಿಸಿದ್ರೆ ಓದಿದ ತಕ್ಷಣ ಗೊತ್ತಾಗುತ್ತೆ. ಹಿಂಗೆ ಬರೀಬಹುದು:

"ಮಾನ್ಯ ಮೇಡಂ, ನಮಸ್ಕಾರ. ನಾನು ಮುಳಬಾಗಿಲಿನವನು, ಎಂಎ ಅರ್ಥಶಾಸ್ತ್ರ ಮುಗಿಸಿದ್ದೇನೆ, ಎನ್‌ಇಟಿ ಆಗಿದೆ. ನಿಮ್ಮ ಮಾರ್ಗದರ್ಶನದಲ್ಲಿ ಬಂದ ಕೆರೆ ನೀರಾವರಿಯ ಪ್ರಬಂಧವನ್ನು ಶೋಧಗಂಗಾದಲ್ಲಿ ಓದಿದೆ. ಕೆಸಿ ವ್ಯಾಲಿ ನೀರು ಬಂದ ಮೇಲೆ ನಮ್ಮ ತಾಲ್ಲೂಕಿನ ಸಣ್ಣ ರೈತರು ಯಾವ ಬೆಳೆಗೆ ಬದಲಾದರು ಎಂದು ಅಧ್ಯಯನ ಮಾಡುವ ಆಸೆಯಿದೆ. ಎರಡು ಪುಟದ ಟಿಪ್ಪಣಿ ಲಗತ್ತಿಸಿದ್ದೇನೆ. ಈ ವರ್ಷ ನಿಮ್ಮಲ್ಲಿ ಜಾಗ ಇರುತ್ತದೆಯೇ? ನಿಮಗೆ ಅನುಕೂಲವಾದ ದಿನ ಹೇಳಿದರೆ ಡಿಪಾರ್ಟ್‌ಮೆಂಟಿಗೆ ಬಂದು ಭೇಟಿ ಮಾಡುತ್ತೇನೆ."

ಅಷ್ಟೇ. ಉತ್ತರ ಬರ್ಲಿಲ್ಲ ಅಂದ್ರೆ ಎರಡು ವಾರ ಬಿಟ್ಟು ಇನ್ನೊಂದ್ಸಲ ಬರೀರಿ, ಆಗ್ಲೂ ಬರ್ಲಿಲ್ಲ ಅಂದ್ರೆ ಡಿಪಾರ್ಟ್‌ಮೆಂಟಿಗೇ ಹೋಗಿ. ನಮ್ಮ ಕಡೆ ಮೇಲ್ ನೋಡದೇ ಇರೋ ಒಳ್ಳೇ ಅಧ್ಯಾಪಕರು ಬೇಕಾದಷ್ಟು ಜನ ಇದ್ದಾರೆ, ಎದುರಿಗೆ ಹೋದ್ರೆ ಪ್ರೀತಿಯಿಂದ ಮಾತಾಡ್ತಾರೆ. ಹೋದಾಗ ಈಗ ಓದ್ತಿರೋ ಸ್ಕಾಲರ್‌ಗಳನ್ನೂ ಮಾತಾಡ್ಸಿ, ಕ್ಯಾಂಟೀನ್‌ಗೆ ಕರ್ಕೊಂಡು ಹೋಗಿ ಟೀ ಕೊಡ್ಸಿ ಕೇಳಿ: ಮೇಡಂ ಡ್ರಾಫ್ಟ್ ಎಷ್ಟು ದಿನಕ್ಕೆ ವಾಪಸ್ ಕೊಡ್ತಾರೆ, ಮನೆ ಕೆಲಸ ಹೇಳ್ತಾರಾ, ಪೇಪರ್‌ನಲ್ಲಿ ಯಾರ ಹೆಸರು ಮೊದಲು ಹಾಕ್ತಾರೆ. ಹೆಣ್ಮಕ್ಕಳು ಈ ವಿಚಾರಣೆ ಮಾಡ್ದೆ ಯಾರ ಹತ್ರನೂ ಸೇರ್ಬೇಡಿ.

ಗೈಡ್ ಒಪ್ಪಿದ್ರು ಅಂದ ಮಾತ್ರಕ್ಕೆ ಸೀಟ್ ಆಯ್ತು ಅಂತಲ್ಲ, ಪರೀಕ್ಷೆ, ಇಂಟರ್‌ವ್ಯೂ, ರೋಸ್ಟರ್ (ಮೀಸಲಾತಿ ಸರದಿ) ಎಲ್ಲಾ ದಾಟ್ಬೇಕು. ಆದ್ರೆ ಇಂಟರ್‌ವ್ಯೂ ಟೇಬಲ್ ಮುಂದೆ ಕೂತಾಗ ನಿಮ್ಮ ವಿಷಯ ಗೊತ್ತಿರೋರು ಒಬ್ರು ಇರ್ತಾರೆ ಅನ್ನೋದು ಬೇರೆನೇ ಧೈರ್ಯ.

ಪರೀಕ್ಷೆ: ಎನ್‌ಇಟಿ, ಕೆಸೆಟ್, ಯೂನಿವರ್ಸಿಟಿ ಎಂಟ್ರೆನ್ಸ್

ಎನ್‌ಇಟಿ ಅಂದ್ರೆ ಕಾಲೇಜಲ್ಲಿ ಪಾಠ ಮಾಡೋಕೆ, ಫೆಲೋಶಿಪ್‌ಗೆ ದೇಶಮಟ್ಟದ ಅರ್ಹತಾ ಪರೀಕ್ಷೆ. 2024ರಿಂದ ಅದರ ರಿಸಲ್ಟ್ ಮೂರು ಥರ ಬರುತ್ತೆ. ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಆದ್ರೆ ಫೆಲೋಶಿಪ್ಪೂ ಇದೆ, ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆನೂ ಇದೆ, ಪಿಎಚ್‌ಡಿ ಅಡ್ಮಿಷನ್‌ಗೆ ಇಂಟರ್‌ವ್ಯೂ ಕೊಟ್ರೆ ಸಾಕು. ಎರಡನೇದು ಅಸಿಸ್ಟೆಂಟ್ ಪ್ರೊಫೆಸರ್ ಮತ್ತೆ ಪಿಎಚ್‌ಡಿ ಅಡ್ಮಿಷನ್. ಮೂರನೇದು ಪಿಎಚ್‌ಡಿ ಅಡ್ಮಿಷನ್ ಮಾತ್ರ. ಎರಡು, ಮೂರರಲ್ಲಿ ಬಂದವ್ರಿಗೆ ಎನ್‌ಇಟಿ ಅಂಕಕ್ಕೆ 70%, ಇಂಟರ್‌ವ್ಯೂಗೆ 30%, ಮತ್ತೆ ಆ ಅಂಕ ಪಿಎಚ್‌ಡಿ ಅಡ್ಮಿಷನ್‌ಗೆ ಒಂದೇ ವರ್ಷ ನಡೆಯೋದು. ಇದನ್ನ ಮರೆತು ಎರಡು ವರ್ಷ ಹಿಂದಿನ ಸ್ಕೋರ್‌ಕಾರ್ಡ್ ಹಿಡ್ಕೊಂಡು ಬರೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಪರೀಕ್ಷೆ ಜೂನ್, ಡಿಸೆಂಬರ್ ಅಂತ ವರ್ಷಕ್ಕೆ ಎರಡು ಸಲ. ಪೇಪರ್ ಒಂದರಲ್ಲಿ 50 ಪ್ರಶ್ನೆ, ಎರಡರಲ್ಲಿ 100, ಒಟ್ಟು 300 ಅಂಕ, 3 ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳಿಯಲ್ಲ, ಅದಕ್ಕೆ ಒಂದನ್ನೂ ಖಾಲಿ ಬಿಡ್ಬೇಡಿ. ಫಿಸಿಕ್ಸ್, ಕೆಮಿಸ್ಟ್ರಿ, ಲೈಫ್ ಸೈನ್ಸ್, ಮ್ಯಾಥ್ಸ್‌ನವ್ರಿಗೆ ಸಿಎಸ್‌ಐಆರ್ ಎನ್‌ಇಟಿ ಬೇರೆ, ಅಲ್ಲಿ ನೆಗೆಟಿವ್ ಮಾರ್ಕಿಂಗ್ ಇದೆ.

ಕೆಸೆಟ್ (ಪಾಠ ಮಾಡೋ ಕೆಲಸಕ್ಕೆ ರಾಜ್ಯದ ಅರ್ಹತಾ ಪರೀಕ್ಷೆ) ಈಗ ನಡೆಸೋದು ಕೆಇಎ, ಸಿಇಟಿ ಮಾಡೋರು. ಪೇಪರ್ ಒಂದು ಕನ್ನಡದಲ್ಲೂ ಇರುತ್ತೆ, ನಮ್ಮ ಮಾಧ್ಯಮದ ಮಕ್ಕಳಿಗೆ ಅದು ದೊಡ್ಡ ಅನುಕೂಲ. ಒಂದ್ಸಲ ಪಾಸಾದ್ರೆ ಕರ್ನಾಟಕದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಜೀವನಪೂರ್ತಿ ಅರ್ಹತೆ. ಆದ್ರೆ ಅದರಿಂದ ಫೆಲೋಶಿಪ್ ಬರಲ್ಲ.

ಯೂನಿವರ್ಸಿಟಿ ತನ್ನದೇ ಎಂಟ್ರೆನ್ಸ್ ಮಾಡಿದ್ರೆ ಅರ್ಧ ರಿಸರ್ಚ್ ಮೆಥಡಾಲಜಿ, ಅರ್ಧ ನಿಮ್ಮ ಸಬ್ಜೆಕ್ಟ್, ಪಾಸಾಗೋಕೆ 50%, ರಿಸರ್ವೇಶನ್ ಇರೋರಿಗೆ 45%. ಮೆಥಡಾಲಜಿ ಓದದೇ ಹೋಗೋರೇ ಜಾಸ್ತಿ.

ಒಂದು ಮುಖ್ಯ ಮಾತು. ರಾಜ್ಯದ 2ಎ, 3ಎ, 3ಬಿ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ಎನ್‌ಇಟಿಗೆ ಹಾಕೋವಾಗ ಕೇಂದ್ರದ ಪಟ್ಟೀಲಿ ನಿಮ್ಮ ಜಾತಿ ಇದೆಯಾ ನೋಡಿ, ಇದ್ರೆ ಕೇಂದ್ರದ ನಮೂನೇಲೇ ಒಬಿಸಿ ಸರ್ಟಿಫಿಕೇಟ್ ಬೇಕು ಅಂತ ನಾಡಕಚೇರೀಲಿ ಬಿಡಿಸಿ ಹೇಳಿ, ಸುಮ್ನೆ "ಕ್ಯಾಸ್ಟ್ ಇನ್‌ಕಮ್ ಕೊಡಿ" ಅಂದ್ರೆ ಸ್ಕೂಲ್ ಸ್ಕಾಲರ್‌ಶಿಪ್‌ಗೆ ಕೊಡೋದನ್ನೇ ಕೊಡ್ತಾರೆ.

ಹೊಟ್ಟೆಪಾಡು ಹೇಗೆ

ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000, ಎರಡು ವರ್ಷ ಆದ್ಮೇಲೆ ಎಸ್‌ಆರ್‌ಎಫ್ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಜೆಆರ್‌ಎಫ್ ಆಗಿಲ್ಲ ಅಂದ್ರೂ ದಾರಿ ಇದೆ. ಎಸ್‌ಸಿ, ಎಸ್‌ಟಿ, ಒಬಿಸಿಗೆ ನ್ಯಾಷನಲ್ ಫೆಲೋಶಿಪ್‌ಗಳು, ಅಣ್ಣ ತಮ್ಮ ಅಕ್ಕ ತಂಗಿ ಯಾರೂ ಇಲ್ಲದ ಒಬ್ಬಳೇ ಮಗಳಿಗೆ ಯುಜಿಸಿಯ ಸಾವಿತ್ರಿಬಾಯಿ ಫುಲೆ ಫೆಲೋಶಿಪ್, ಸಮಾಜ ವಿಜ್ಞಾನದವ್ರಿಗೆ ಐಸಿಎಸ್‌ಎಸ್‌ಆರ್ (ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಡಾಕ್ಟೊರಲ್ ಫೆಲೋಶಿಪ್, ವಿಜ್ಞಾನ ಇಂಜಿನಿಯರಿಂಗ್‌ನವ್ರಿಗೆ ಕೆಸ್ಟೆಪ್ಸ್ (ರಾಜ್ಯದ ವಿಜ್ಞಾನ ತಂತ್ರಜ್ಞಾನ ಉತ್ತೇಜನ ಸಂಸ್ಥೆ) ಫೆಲೋಶಿಪ್. ಹಿಂದುಳಿದ ವರ್ಗಗಳ ಇಲಾಖೆ, ಅಲ್ಪಸಂಖ್ಯಾತರ ನಿರ್ದೇಶನಾಲಯ, ಸಮಾಜ ಕಲ್ಯಾಣ ಇಲಾಖೆ ಇವುಗಳ ಜಿಲ್ಲಾ ಕಚೇರಿಗೂ ಒಂದ್ಸಲ ಹೋಗಿ ವಿಚಾರಿಸಿ. ಇವುಗಳಲ್ಲಿ ಹೆಚ್ಚಿನವು ರಿಜಿಸ್ಟ್ರೇಶನ್ ಆದ್ಮೇಲೆ, ಫುಲ್ ಟೈಮ್ ಇರೋರಿಗೆ ಮಾತ್ರ. ಪಾರ್ಟ್ ಟೈಮ್ ಆರಿಸ್ಕೊಳ್ಳೋಕೆ ಮುಂಚೆ ಇದನ್ನ ಲೆಕ್ಕ ಹಾಕ್ಕೊಳ್ಳಿ.

ನೋಟಿಫಿಕೇಶನ್ ಓದೋದು

ಪಿಡಿಎಫ್ ಬಂದಾಗ ಕೊನೇ ದಿನಾಂಕ ಮಾತ್ರ ನೋಡಿ ಸ್ಟೇಟಸ್‌ಗೆ ಹಾಕೋದಲ್ಲ. ಮೊದಲು ಅನುಬಂಧದಲ್ಲಿರೋ ಟೇಬಲ್ ತೆಗೀರಿ, ವಿಭಾಗ, ಗೈಡ್ ಅಥವಾ ಖಾಲಿ ಸೀಟು, ಯಾವ ಕೆಟಗರಿಗೆ ಎಷ್ಟು ಅಂತ. ನಿಮ್ಮ ವಿಷಯದಲ್ಲಿ ಇರೋದೇ ಎರಡು ಸೀಟು, ಎರಡೂ ನಿಮ್ಮ ಕೆಟಗರಿದಲ್ಲ ಅಂದ್ರೆ ಪಕ್ಕದ ಯೂನಿವರ್ಸಿಟಿ ನೋಡೋದೇ ಒಳ್ಳೇದು. ಎರಡನೇದು, ಎನ್‌ಇಟಿ, ಕೆಸೆಟ್ ಆದವ್ರಿಗೆ ಎಂಟ್ರೆನ್ಸ್ ವಿನಾಯ್ತಿ ಇದೆಯಾ. ಮೂರನೇದು, ಪ್ರಬಂಧ ಕನ್ನಡದಲ್ಲಿ ಬರೀಬಹುದಾ. ನಾಲ್ಕನೇದು, ಆನ್‌ಲೈನ್ ಅರ್ಜಿ ಜೊತೆ ಹಾರ್ಡ್ ಕಾಪಿನೂ ಕಳಿಸ್ಬೇಕಾ, ಯಾರ ಹೆಸರಿಗೆ. ಹಾರ್ಡ್ ಕಾಪಿ ಕೊಡೋದಿದ್ರೆ ಕೈಯಾರೆ ಕೊಟ್ಟು ಇನ್ನೊಂದು ಪ್ರತಿಗೆ ಸೀಲ್ ಹಾಕಿಸ್ಕೊಳ್ಳಿ.

ಸೇರಿದ್ಮೇಲೆ 12 ಕ್ರೆಡಿಟ್‌ನ ಕೋರ್ಸ್ ವರ್ಕ್, ಅದರಲ್ಲಿ 55%, ಆರಾರು ತಿಂಗಳಿಗೆ ಆರ್‌ಎಸಿ (ನಿಮ್ಮ ಸಂಶೋಧನೆಯ ಸಲಹಾ ಸಮಿತಿ) ಮುಂದೆ ಪ್ರೆಸೆಂಟೇಶನ್. ಪ್ಲೇಜರಿಸಂ 10% ಒಳಗೆ ಇರ್ಬೇಕು. ಥೀಸಿಸ್ ಸಬ್ಮಿಟ್ ಮಾಡೋಕೆ ಪೇಪರ್ ಪಬ್ಲಿಷ್ ಆಗಿರ್ಲೇಬೇಕು ಅನ್ನೋ ಯುಜಿಸಿ ಕಡ್ಡಾಯ 2022ರ ನಿಯಮದಲ್ಲಿ ಇಲ್ಲ, ಆದ್ರೆ ನಿಮ್ಮ ಯೂನಿವರ್ಸಿಟಿ ತನ್ನ ಕಡೆಯಿಂದ ಕೇಳ್ಬಹುದು, ರೆಗ್ಯುಲೇಶನ್ ಓದಿ.

ಪ್ರಾಜೆಕ್ಟ್ ಕೆಲಸ

ಇದನ್ನ ನಮ್ಮ ಕಡೆಯವ್ರು ಕಡೆಗಣಿಸ್ತಾರೆ, ನಂಗೆ ತುಂಬಾ ಬೇಜಾರಾಗೋ ವಿಷಯ ಇದು. ಒಬ್ಬ ಪ್ರೊಫೆಸರ್‌ಗೆ ಸಂಶೋಧನೆಗೆ ದುಡ್ಡು ಕೊಡೋ ಕೇಂದ್ರದ ಸಂಸ್ಥೆಗಳಿಂದ, ಅಂದ್ರೆ ಎಎನ್‌ಆರ್‌ಎಫ್‌ನಿಂದಾನೋ (ಹಿಂದೆ ಎಸ್‌ಇಆರ್‌ಬಿ ಅಂತಿದ್ದಿದ್ದು), ಡಿಬಿಟಿ, ಐಸಿಎಂಆರ್, ಐಸಿಎಸ್‌ಎಸ್‌ಆರ್‌ನಿಂದಾನೋ ಪ್ರಾಜೆಕ್ಟ್ ಸ್ಯಾಂಕ್ಷನ್ ಆದ್ರೆ ಕೆಲಸಕ್ಕೆ ಜನ ಬೇಕು: ಜೆಆರ್‌ಎಫ್ (ಇಲ್ಲಿ ಅದು ಪ್ರಾಜೆಕ್ಟ್ ಹುದ್ದೆಯ ಹೆಸರು), ಪ್ರಾಜೆಕ್ಟ್ ಅಸೋಸಿಯೇಟ್, ಫೀಲ್ಡ್ ಇನ್‌ವೆಸ್ಟಿಗೇಟರ್. ಕೃಷಿ ಸಂಶೋಧನೆಯ ಐಸಿಎಆರ್ ಕೇಂದ್ರಗಳಲ್ಲಿ ಯಂಗ್ ಪ್ರೊಫೆಷನಲ್ ಅಂತಾರೆ. ಜಾಹೀರಾತು ಒಂದೇ ಪುಟ, ವೆಬ್‌ಸೈಟ್‌ನ ಮೂಲೇಲಿ ಹಾಕಿರ್ತಾರೆ, ಹೆಚ್ಚಾಗಿ ವಾಕ್-ಇನ್ ಇಂಟರ್‌ವ್ಯೂ. ವಾರಕ್ಕೊಂದ್ಸಲ, ಸೋಮವಾರ ಬೆಳಿಗ್ಗೆ ಅಂತ ಇಟ್ಕೊಂಡು, ನಿಮ್ಮ ಪಟ್ಟೀಲಿರೋ ಸಂಸ್ಥೆಗಳ ಪೇಜ್ ಒಂದೊಂದೇ ತೆಗೆದು ನೋಡಿ. ಇಂಟರ್‌ವ್ಯೂಗೆ ಹೋಗೋವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮರೀಬೇಡಿ, ಪ್ರಾಜೆಕ್ಟ್ ಇನ್ನೂ ಎಷ್ಟು ತಿಂಗಳು ಉಳಿದಿದೆ, ಇದರಲ್ಲೇ ಪಿಎಚ್‌ಡಿ ರಿಜಿಸ್ಟರ್ ಆಗೋಕೆ ಅವಕಾಶ ಇದೆಯಾ ಅಂತ ಧೈರ್ಯವಾಗಿ ಕೇಳಿ. ಒಂದು ವರ್ಷ ಲ್ಯಾಬಲ್ಲೋ ಹಳ್ಳೀಲೋ ಡೇಟಾ ತೆಗೆದವ್ರು ಪಿಎಚ್‌ಡಿ ಇಂಟರ್‌ವ್ಯೂನಲ್ಲಿ ಮಾತಾಡೋ ರೀತಿನೇ ಬೇರೆ.

ಪಾಠ ಮಾಡೋ ಕೆಲಸ

ಅತಿಥಿ ಉಪನ್ಯಾಸಕರ ಹುದ್ದೆ ಎರಡು ದಾರೀಲಿ ಬರುತ್ತೆ. ಯೂನಿವರ್ಸಿಟಿ ಪಿಜಿ ವಿಭಾಗಗಳಿಗೆ ಯೂನಿವರ್ಸಿಟೀನೇ ಕರೆಯುತ್ತೆ, ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಕಾಲೇಜು ಶಿಕ್ಷಣ ಇಲಾಖೆ ಆನ್‌ಲೈನ್ ಅರ್ಜಿ, ಕೌನ್ಸೆಲಿಂಗ್. ವರ್ಕ್‌ಲೋಡ್ ನೋಡಿ ತಗೊಳ್ಳಿ, ಸಂಬಳಾನೂ ಅದರ ಮೇಲೇ ಇರುತ್ತೆ, ಪಿಎಚ್‌ಡಿಗೆ ಉಳಿಯೋ ಟೈಮೂ ಅದರ ಮೇಲೇ.

ಪರ್ಮನೆಂಟ್ ಅಸಿಸ್ಟೆಂಟ್ ಪ್ರೊಫೆಸರ್‌ಗೆ 2023ರ ಜುಲೈಯಿಂದ ಎನ್‌ಇಟಿ ಅಥವಾ ಸೆಟ್ (ಕೆಸೆಟ್ ಥರದ ರಾಜ್ಯದ ಪರೀಕ್ಷೆ) ಇದ್ರೆ ಸಾಕು, ಪಿಎಚ್‌ಡಿ ಕಡ್ಡಾಯ ಅಲ್ಲ ಅಂತ ಯುಜಿಸಿ ಹೇಳಿದೆ. ಮೂಲ ವೇತನ 57,700. ಹುದ್ದೆ ಕರೆಯೋದು ಅಪರೂಪ, ಕರೆದ್ರೂ ಮುಗಿಯೋಕೆ ವರ್ಷಗಟ್ಟಲೆ ಆಗುತ್ತೆ. ಅದಕ್ಕೇ ಕಾಯ್ತಾ ಕೂರದೆ ಪೇಪರ್ ಬರೀತಾ ಇರಿ. ಯಾವ ಜರ್ನಲ್ ಅನ್ನೋದು ನೋಡ್ಕೊಳ್ಳಿ, ಯುಜಿಸಿ ತಾನು ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿನ 2025ರಲ್ಲಿ ನಿಲ್ಲಿಸಿದೆ, ಆದ್ರೂ "ಕೇರ್ ಲಿಸ್ಟೆಡ್, ಮೂರು ದಿನಕ್ಕೆ ಪಬ್ಲಿಷ್" ಅಂತ ವಾಟ್ಸಾಪ್ ಮೆಸೇಜ್ ಬರ್ತಾನೇ ಇರುತ್ತೆ, ನಂಬ್ಬೇಡಿ.

ಎಲ್ಲಿ ಕಾಣುತ್ತೆ ಜಾಹೀರಾತು? ಯೂನಿವರ್ಸಿಟಿ ವೆಬ್‌ಸೈಟು, ಕೆಇಎ ಪೇಜು, ಎಂಪ್ಲಾಯ್‌ಮೆಂಟ್ ನ್ಯೂಸ್, ದಿನಪತ್ರಿಕೆಗಳು. ತುಮಕೂರಿನವ್ರು ಪ್ರಜಾಪ್ರಗತಿನೂ ನೋಡ್ತಾ ಇರಿ, ಊರಿನ ಕಾಲೇಜುಗಳ ಸುದ್ದಿ ಅಲ್ಲಿ ಬೇಗ ಬರುತ್ತೆ.

ಹೊರದೇಶ

ಇದನ್ನ ಹೇಳೋದು ಯಾಕಂದ್ರೆ ನಮ್ಮ ಮಕ್ಕಳಿಗೆ ಯಾರೂ ಹೇಳಲ್ಲ: ಜರ್ಮನಿ, ನೆದರ್ಲೆಂಡ್ಸ್, ಸ್ವೀಡನ್ ಕಡೆ ಪಿಎಚ್‌ಡಿ ಅನ್ನೋದು ಹೆಚ್ಚಾಗಿ ಸಂಬಳದ ಕೆಲಸ, ಹುದ್ದೆ ಖಾಲಿ ಇದೆ ಅಂತ ಜಾಹೀರಾತು ಹಾಕ್ತಾರೆ. ಯುರಾಕ್ಸೆಸ್ ಅನ್ನೋ ಯುರೋಪಿನ ಪೋರ್ಟಲ್‌ನಲ್ಲಿ ಹುಡುಕಿ, ಜರ್ಮನಿಗೆ ಡಾಡ್ (DAAD) ಸ್ಕಾಲರ್‌ಶಿಪ್ ನೋಡಿ. ಮೇರಿ ಕ್ಯೂರಿ ಡಾಕ್ಟೊರಲ್ ನೆಟ್‌ವರ್ಕ್‌ಗೆ ಹಾಕೋದಾದ್ರೆ ಕಳೆದ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರ್ಬಾರ್ದು ಅನ್ನೋ ನಿಯಮ ಇದೆ, ಊರಲ್ಲೇ ಇರೋ ನಿಮಗೆ ಅದು ಅಡ್ಡಿ ಆಗಲ್ಲ.

ದುಡ್ಡು ಕೇಳೋರು

"ಗೈಡ್ ಕೊಡಿಸ್ತೀವಿ, ಥೀಸಿಸ್ ಬರ್ಕೊಡ್ತೀವಿ, ಎರಡು ವರ್ಷಕ್ಕೆ ಡಾಕ್ಟರೇಟ್" ಅನ್ನೋರ ಹತ್ರ ಹೋಗ್ಲೇಬೇಡಿ. ಮೂರು ವರ್ಷಕ್ಕೆ ಮುಂಚೆ ನಿಯಮದ ಪ್ರಕಾರ ಪಿಎಚ್‌ಡಿ ಬರೋಕೇ ಸಾಧ್ಯ ಇಲ್ಲ. ಬರ್ಸಿಕೊಂಡ ಥೀಸಿಸ್ ವೈವಾ (ಕೊನೇ ಮೌಖಿಕ ಪರೀಕ್ಷೆ) ದಿನ ಎಲ್ಲರೆದುರು ಗೊತ್ತಾಗುತ್ತೆ, ಆ ವೈವಾ ಓಪನ್ ಇರುತ್ತೆ, ವಿಭಾಗದ ಅಧ್ಯಾಪಕರು, ಬೇರೆ ಸ್ಕಾಲರ್‌ಗಳು, ಆಸಕ್ತಿ ಇರೋ ತಜ್ಞರು ಬಂದು ಕೂರ್ಬಹುದು. ದೂರದ ರಾಜ್ಯದ ಹೆಸರು ಕೇಳದ ಯೂನಿವರ್ಸಿಟಿಗೆ ದುಡ್ಡು ಕಟ್ಟೋಕೆ ಮುಂಚೆ ಯುಜಿಸಿ ವೆಬ್‌ಸೈಟ್‌ನಲ್ಲಿ ಎರಡು ಪಟ್ಟಿ ನೋಡಿ, ಒಂದು ನಕಲಿ ಯೂನಿವರ್ಸಿಟಿಗಳದ್ದು, ಇನ್ನೊಂದು ಪಿಎಚ್‌ಡಿ ಪ್ರವೇಶ ಮಾಡ್ಕೊಳ್ಳೋ ಹಂಗಿಲ್ಲ ಅಂತ ಯುಜಿಸಿ ತಡೆ ಹಾಕಿರೋ ಯೂನಿವರ್ಸಿಟಿಗಳದ್ದು. ಫೀಸು ಯಾವಾಗ್ಲೂ ಯೂನಿವರ್ಸಿಟಿ ಖಾತೆಗೆ ಚಲನ್ ಮೂಲಕಾನೇ ಕಟ್ಟಿ, ಯಾರದೋ ಫೋನ್ ನಂಬರ್‌ಗೆ ಯುಪಿಐ ಮಾಡಿ ಅಂದ್ರೆ ಅಲ್ಲಿಂದ ಎದ್ದು ಬನ್ನಿ.